ಮಳೆಗಾಲದ ಮುಂಬಯಿ: ಅಳತೆ ಯಾರ ಕೈಯಲ್ಲಿ?

ಜೂನ್ ಬಂತೆಂದರೆ ಊರಿನಿಂದ ಫೋನು ಶುರು. "ನಮ್ಮ ಹುಡುಗನಿಗೆ ಅಲ್ಲಿ ಇಂಟರ್‌ವ್ಯೂ ಉಂಟು ಮಾರಾಯ್ರೆ, ಸ್ಟೇಷನ್ನಿನಿಂದ ರಿಕ್ಷಾಕ್ಕೆ ಎಷ್ಟು ಕೊಡ್ಬೇಕು? ಮಳೆಯಲ್ಲಿ ಬಾಯಿಗೆ ಬಂದಷ್ಟು ಕೇಳ್ತಾರಂತೆ, ಹೌದಾ?" ಹೌದು, ಕೇಳುತ್ತಾರೆ. ಇವತ್ತು ನಿನ್ನೆಯಿಂದಲ್ಲ. ಮುಂಬಯಿಯಲ್ಲಿ ಮಳೆಗೂ ಮೋಸಕ್ಕೂ ಇರುವ ನಂಟು ನೂರು ವರ್ಷಕ್ಕಿಂತ ಹಳೆಯದು. ಅದನ್ನು ಬಲ್ಲವರು ರಿಕ್ಷಾದವನ ಜೊತೆ ಸ್ವಲ್ಪ ಕಡಿಮೆ ಜಗಳವಾಡುತ್ತಾರೆ ಅನ್ನುವುದು ನನ್ನ ಅನುಭವ.

ಮೊದಲು ಒಂದು ತಮಾಷೆಯ ಸಂಗತಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಊರಿನಲ್ಲಿ ಮಳೆಯ ಮೇಲೆಯೇ ಜೂಜು ನಡೆಯುತ್ತಿತ್ತು. ಹೆಸರು 'ಬರ್ಸಾತ್ ಕಾ ಸಟ್ಟಾ'. ಇಂತಿಷ್ಟು ಹೊತ್ತಿನೊಳಗೆ ಮಳೆ ಬರುತ್ತದೋ ಇಲ್ಲವೋ, ಬಂದರೆ ಮಾಡಿನ ದೋಣಿಯಿಂದ ನೀರು ಹರಿಯುವಷ್ಟು ಬರುತ್ತದೋ ಇಲ್ಲವೋ, ಅದರ ಮೇಲೆ ದುಡ್ಡು. ಇದರ ಒಂದು ಬಗೆಗೆ 'ಕಲ್ಕತ್ತಾ ಮೋರಿ' ಎಂಬ ಹೆಸರೂ ಇತ್ತು. ಸರಕಾರ 1887ರಲ್ಲಿ ಜೂಜು ತಡೆ ಕಾಯಿದೆ ತಂದಿತು. ಆದರೆ ಎಲೆ ಇಲ್ಲ, ದಾಳ ಇಲ್ಲ, ಆಕಾಶದಿಂದ ಬೀಳುವ ನೀರನ್ನು ಜೂಜಿನ ಸಾಮಾನು ಅನ್ನುವುದು ಹೇಗೆ? 1889ರಲ್ಲಿ ಹೈಕೋರ್ಟು ಈ ಆಟ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ ಎಂದಿತು. ಆಮೇಲೆ 1890ರಲ್ಲಿ ತಿದ್ದುಪಡಿ ಮಾಡಿ ಮಳೆಯನ್ನೂ ಕಾಯಿದೆಯೊಳಗೆ ಸೇರಿಸಬೇಕಾಯಿತು! ಮಳೆಯ ಮೇಲೆ ಪಣ ಕಟ್ಟುವುದನ್ನು ನಿಲ್ಲಿಸಲು ಶಾಸನ ಮಾಡಿದ ಊರು ಇದು.

ಈ ಕಥೆ ಯಾಕೆ ಹೇಳಿದೆನೆಂದರೆ, ಆ ಆಟದಲ್ಲಿ ಮಳೆ ಎಲ್ಲರಿಗೂ ಒಂದೇ, ಆದರೆ ಅದನ್ನು ಅಳೆಯುವ ಮೋರಿ ಮಾತ್ರ ಆಟ ನಡೆಸುವವನ ಮನೆಯದು. ಹೊಸಬ ದುಡ್ಡು ಕೊಟ್ಟು ಮೇಲೆ ನೋಡುತ್ತಾ ನಿಲ್ಲಬೇಕು. ಮುಂದೆ ಟ್ಯಾಕ್ಸಿ, ರಿಕ್ಷಾ, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಜಗಳ ಇದೇ ನೋಡಿ: ಅಳತೆ ಯಾರ ಕೈಯಲ್ಲಿದೆ?

ಬಾಡಿಗೆ ಬಂಡಿಗಳನ್ನು ಹದ್ದಿನಲ್ಲಿಡಲು ಬೊಂಬಾಯಿಯಲ್ಲಿ 1863ರಲ್ಲೇ ಕಾಯಿದೆ ಬಂದಿತ್ತು. ಆಗ ಕುದುರೆ ಗಾಡಿ, ಪಲ್ಲಕ್ಕಿಗಳ ಕಾಲ. ಹನ್ನೊಂದು ವರ್ಷದ ಮೇಲೆ, 1874ರ ಮೇ 9ರಂದು ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. ಕೊಲಾಬಾದಿಂದ ಪಾಯಧುನಿಗೆ ಒಂದು ದಾರಿ, ಬೋರಿಬಂದರಿನಿಂದ ಪಾಯಧುನಿಗೆ ಇನ್ನೊಂದು. ಮೂರಾಣೆ ಬಾಡಿಗೆ. ಮಳೆ ಬಂದರೂ ಮೂರಾಣೆ, ಬಿಸಿಲಾದರೂ ಮೂರಾಣೆ. ಇದು ಸಣ್ಣ ವಿಷಯವಲ್ಲ! ಹೊಸದಾಗಿ ಬಂದಿಳಿದವನು ಚೌಕಾಶಿ ಮಾಡದೆ, ಭಾಷೆ ಬಾರದೆಯೂ ಕೂತು ಹೋಗಬಹುದಾದ ವಾಹನ ಅದು. ಮೊದಮೊದಲು ಟಿಕೆಟೇ ಕೊಡುತ್ತಿರಲಿಲ್ಲವಂತೆ. ದುಡ್ಡು ಕೊಡದೆ ಇಳಿದು ಹೋಗುವವರು ಹೆಚ್ಚಾದಾಗ ಟಿಕೆಟು ಬಂತು. (ಮೋಸ ಒಂದೇ ಕಡೆಯಿಂದ ಅಲ್ಲ, ಇದನ್ನೂ ಹೇಳಿಬಿಡಬೇಕು.) ಮೊದಲ ಮೋಟಾರು ಬಸ್ಸು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡಿದ್ದು 1926ರ ಜುಲೈ 15ರಂದು, ನಟ್ಟ ನಡು ಮಳೆಗಾಲದಲ್ಲಿ.

ಮೋಟಾರು ಟ್ಯಾಕ್ಸಿ ಬಂದದ್ದು 1911ರಲ್ಲಿ. ಮೀಟರು ನಮ್ಮ ತಲೆಮಾರಿನವರಿಗೆ ಚೆನ್ನಾಗಿ ನೆನಪಿರುವ ವಸ್ತು. ಕಪ್ಪು ಹಳದಿ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿಯ ಎಡಬದಿಯಲ್ಲಿ ಹೊರಗೆ ಕಿವಿಯ ಹಾಗೆ ಅಂಟಿಕೊಂಡ ಕಬ್ಬಿಣದ ಪೆಟ್ಟಿಗೆ. ಡ್ರೈವರ್ ಕೈ ಹೊರಗೆ ಹಾಕಿ ಬಾವುಟ ತಿರುಗಿಸಿದರೆ 'ಮೀಟರ್ ಡೌನ್'. ಮಳೆಯಲ್ಲಿ ಏನಾಗುತ್ತದೆ ಯೋಚಿಸಿ. ಗಾಜು ಏರಿಸಿದೆ, ಒಳಗೆ ಉಸಿರಿನ ಹಬೆ, ಹೊರಗೆ ಧಾರಾಕಾರ. ಮೀಟರಿನ ಅಂಕಿ ಹಿಂದೆ ಕೂತವನಿಗೆ ಕಾಣಿಸಬೇಕಾದರೆ ಗಾಜು ಇಳಿಸಿ ತಲೆ ಒದ್ದೆ ಮಾಡಿಕೊಳ್ಳಬೇಕು!

ಕಂಡರೂ ಏನು ಪ್ರಯೋಜನ? ಆ ಅಂಕಿ ಬಾಡಿಗೆ ಅಲ್ಲವೇ ಅಲ್ಲ. ದರ ಏರಿದ ಹಾಗೆಲ್ಲ ಸಾವಿರಾರು ಕಬ್ಬಿಣದ ಮೀಟರುಗಳನ್ನು ಬಿಚ್ಚಿ ತಿದ್ದುವುದು ಯಾರಿಗೂ ಬೇಡವಾಗಿತ್ತು. ಹಾಗಾಗಿ ಮೀಟರು ಹಳೆಯ ದರವನ್ನೇ ತೋರಿಸುತ್ತಿತ್ತು, ಈಗಿನ ಬಾಡಿಗೆ ಎಷ್ಟೆಂದು ಟಾರಿಫ್ ಕಾರ್ಡು ನೋಡಿ ಹೇಳಬೇಕಿತ್ತು. 2012ರ ಅಕ್ಟೋಬರಿನಲ್ಲಿ ಅಂಥ ಮೀಟರು 1 ರೂಪಾಯಿ ತೋರಿಸಿದರೆ ರಿಕ್ಷಾಕ್ಕೆ 15, ಟ್ಯಾಕ್ಸಿಗೆ 19 ರೂಪಾಯಿ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದವನಿಗೆ ಇದು ಅರ್ಥವಾಗುವುದು ಹೇಗೆ? ಮೀಟರು ನೋಡಿ 'ಅಬ್ಬ, ಎಷ್ಟು ಅಗ್ಗ' ಎಂದು ಖುಷಿಪಟ್ಟವರು ಇಳಿಯುವಾಗ ಬೆಚ್ಚಿ ಬೀಳುತ್ತಿದ್ದರು. ಕಾರ್ಡಿನಲ್ಲಿ ಹಗಲಿನ ದರ ಒಂದು ಸಾಲು, ನಡುರಾತ್ರಿಯಿಂದ ಬೆಳಗಿನ ಐದರವರೆಗಿನ ದರ ಇನ್ನೊಂದು ಸಾಲು. ಮೋಡ ಕವಿದ ಬೆಳಗಿನಲ್ಲಿ ರಾತ್ರಿಯ ಸಾಲಿನ ಮೇಲೆ ಬೆರಳಿಡುವುದು ಒಂದು ಕೈಚಳಕ. ನಕಲಿ ಕಾರ್ಡು ಇನ್ನೊಂದು. ಪ್ರಾಮಾಣಿಕರಾದ ಡ್ರೈವರುಗಳೇ ಹೆಚ್ಚು ಎಂಬುದು ನಿಜ, ಚಿಲ್ಲರೆ ಎರಡು ರೂಪಾಯಿ ಹುಡುಕಿ ಕೊಟ್ಟವರನ್ನು ನಾನು ಎಷ್ಟೋ ಕಂಡಿದ್ದೇನೆ. ಆದರೆ ವ್ಯವಸ್ಥೆಯೇ ಹೊಸಬನಿಗೆ ಲೆಕ್ಕ ಕಾಣದ ಹಾಗೆ ಇತ್ತು.

ಹಾಗಾದರೆ ನಮ್ಮವರು ಇಲ್ಲಿ ಬಂದು ಬದುಕಿದ್ದು ಹೇಗೆ? ಒಂದು ಚೀಟಿಯಿಂದ. ಅಂಗಿಯ ಒಳಜೇಬಿನಲ್ಲಿ ಊರಿನವರೊಬ್ಬರ ವಿಳಾಸ. ಅದು ಹೋಟೆಲಿನದೋ, ಸಂಘದ್ದೋ ಆಗಿರುತ್ತಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಮಾಟುಂಗಾ ಸ್ಟೇಷನ್ನಿನ ಎದುರು ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ. ಇವೆಲ್ಲ ಭಾಷೆ, ಊಟ, ಸಂಸ್ಕೃತಿಗಾಗಿ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಸರಿಯೇ. ಆದರೆ ಬಂದಿಳಿದವನಿಗೆ ಇವುಗಳಿಂದ ಸಿಕ್ಕ ಮೊದಲ ಉಪಕಾರ ಬೇರೆಯೇ ಇತ್ತು. "ಅಲ್ಲಿಂದ ಇಲ್ಲಿಗೆ ಇಷ್ಟೇ ಕೊಡು, ಅದಕ್ಕಿಂತ ಹೆಚ್ಚು ಕೇಳಿದರೆ ಇಳಿದು ಬಿಡು" ಎಂದು ಮೊದಲೇ ಹೇಳುವ ಒಬ್ಬ ಮನುಷ್ಯ. ಮೀಟರಿಗಿಂತ ಆ ಮಾತು ಗಟ್ಟಿ.

ಇನ್ನು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್, ಕೊಲಾಬಾದಲ್ಲಿ ಬರೀ 73! ಅಳತೆಯ ಮಾತು ಬಂದಾಗ ಇದನ್ನು ಮರೆಯಲಾಗದು. ದಕ್ಷಿಣದಲ್ಲಿ ಕೂತವರಿಗೆ ಉಪನಗರ ಮುಳುಗಿದ್ದು ಗೊತ್ತೇ ಆಗಲಿಲ್ಲ. ಆ ರಾತ್ರಿ ಜನ ಎದೆಮಟ್ಟದ ನೀರಿನಲ್ಲಿ ನಡೆದರು, ಗುರುತಿಲ್ಲದವರ ಮನೆಯಲ್ಲಿ ಮಲಗಿದರು, ಬಾಗಿಲು ತೆರೆದವರು ಚಾ, ಬಿಸ್ಕತ್ತು ಕೊಟ್ಟರು. ಹೇಳಿದಷ್ಟು ದುಡ್ಡು ಕಿತ್ತವರೂ ಇದ್ದರು, ದುಡ್ಡೇ ಮುಟ್ಟದವರೂ ಇದ್ದರು. ಇದರ ಬಗ್ಗೆ ಬಹಳ ಬರೆದಾಗಿದೆ, ಮುಂದೆ ಹೋಗೋಣ.

ಕಬ್ಬಿಣದ ಮೀಟರು ಹೋಗಲು ಗ್ರಾಹಕರ ಕಡೆಯಿಂದ ದೊಡ್ಡ ಹೋರಾಟವೇ ಬೇಕಾಯಿತು. 1975ರಲ್ಲಿ ಶುರುವಾದ ಮುಂಬಯಿ ಗ್ರಾಹಕ ಪಂಚಾಯತ್ ಅದರಲ್ಲಿ ಮುಂದಿತ್ತು. ಯೂನಿಯನ್ನುಗಳು ವಿರೋಧಿಸಿದವು, ವಿಷಯ ಹೈಕೋರ್ಟಿಗೆ ಹೋಯಿತು, 2012ರಿಂದ ಇಲೆಕ್ಟ್ರಾನಿಕ್ ಮೀಟರು ಕಡ್ಡಾಯವಾಗುತ್ತ ಬಂತು. ಅಂಕಿಯೇ ಬಾಡಿಗೆ, ಕಾರ್ಡಿನ ಗೊಡವೆ ಇಲ್ಲ. ನನ್ನ ಮಟ್ಟಿಗೆ ಈ ಊರಿಗೆ ಹೊಸದಾಗಿ ಬರುವವನಿಗೆ ಇತ್ತೀಚಿನ ದಶಕಗಳಲ್ಲಿ ಆದ ದೊಡ್ಡ ಉಪಕಾರ ಇದೇ. ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಬಹಳ ಜನ ಕಣ್ಣೀರು ಹಾಕಿದರು. ನಾನು ಗಾಡಿಗೆ ಹಾಕಿದೆ, ಆ ಹಳೇ ಮೀಟರಿಗೆ ಹಾಕಲಿಲ್ಲ.

ಈಗ ಊರಿನವರ ಪ್ರಶ್ನೆಗೆ ಬರೋಣ. ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ತಿಯಾದ ಮೇಲೆ ಕರಾವಳಿಯವರ ದಾರಿ ಸುಲಭವಾಯಿತು. ಆದರೆ ಮಳೆಗಾಲದಲ್ಲಿ ಆ ಹಳಿಯ ಕಥೆ ಬೇರೆ. 2003ರ ಜೂನ್ 22ರಂದು ವೈಭವವಾಡಿ ಬಳಿ ಕಾರವಾರದಿಂದ ಬರುತ್ತಿದ್ದ ರೈಲು, ಮರುವರ್ಷ ಜೂನ್ 16ರಂದು ಕರಂಜಾಡಿ ಬಳಿ ನಮ್ಮ ಮತ್ಸ್ಯಗಂಧಾ, ಎರಡೂ ಬಂಡೆ ಮಣ್ಣು ಕುಸಿದ ಕಡೆ ಹಳಿ ತಪ್ಪಿ ಪ್ರಾಣಹಾನಿಯಾಯಿತು. ಆಮೇಲೆ ಮಳೆಗಾಲಕ್ಕೆ ವೇಗ ಕಡಿಮೆ, ವೇಳಾಪಟ್ಟಿಯೇ ಬೇರೆ. ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಬದಲು. ಹಳೆಯ ಹೊತ್ತು ನಂಬಿ "ಸ್ಟೇಷನ್ನಿಗೆ ಬರ್ತೇನೆ" ಎಂದವರು ಬರುವಷ್ಟರಲ್ಲಿ ಅತಿಥಿ ಎರಡು ಚೀಲ, ಒಂದು ಹಲಸಿನಹಣ್ಣು ಹಿಡಿದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನ ಹೊರಗೆ ಮಳೆಯಲ್ಲಿ ನಿಂತಿರುತ್ತಾನೆ. ದಲಾಲಿಗಳಿಗೆ ಬೇಕಾದ್ದು ಅಷ್ಟೇ.

ಅಲ್ಲಿ ಕೇಳಿಸುವ ಮಾತು ಹೆಚ್ಚುಕಡಿಮೆ ಒಂದೇ: "ಪಾನಿ ಭರ್ ಗಯಾ ಹೈ, ಲೋಕಲ್ ಬಂದ್ ಹೈ." ಕುರ್ಲಾ, ಸಾಯನ್ ಕಡೆ ಹಳಿಗೆ ನೀರು ನುಗ್ಗುವುದು ನಿಜವೇ ಆದ್ದರಿಂದ ಈ ಸುಳ್ಳು ಬಹಳ ಚೆನ್ನಾಗಿ ಓಡುತ್ತದೆ. ಅವನನ್ನೇ ಕೇಳಬೇಡಿ. ಐದು ನಿಮಿಷ ನಡೆದರೆ ತಿಲಕ್ ನಗರ ಸ್ಟೇಷನ್, ಲೋಕಲ್ ಓಡುತ್ತಿದೆಯೋ ಇಲ್ಲವೋ ಅಲ್ಲಿ ಕಣ್ಣಾರೆ ನೋಡಬಹುದು. ರಿಕ್ಷಾ ಸಾಯನ್, ಮಾಹಿಮ್ ದಾಟಿ ಊರೊಳಗೆ ಹೋಗುವಂತಿಲ್ಲ. ಕೋಟೆಗೋ ಗಿರ್‌ಗಾಂವಿಗೋ ರಿಕ್ಷಾದಲ್ಲೇ ಬಿಡುತ್ತೇನೆ ಅಂದವನು ಅರ್ಧ ದಾರಿಯಲ್ಲಿ ಇಳಿಸುತ್ತಾನೆ. 2025ರ ಫೆಬ್ರವರಿ 1ರಿಂದ ಜಾರಿಗೆ ಬಂದ ದರದಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ ರಿಕ್ಷಾ 26 ರೂಪಾಯಿ, ಟ್ಯಾಕ್ಸಿ 31. ಆಮೇಲೆ ಕಿಲೋಮೀಟರಿಗೆ ರಿಕ್ಷಾ 17 ಚಿಲ್ಲರೆ, ಟ್ಯಾಕ್ಸಿ 20 ಚಿಲ್ಲರೆ. ಹತ್ತು ಕಿಲೋಮೀಟರ್ ರಿಕ್ಷಾಕ್ಕೆ ಸುಮಾರು 171 ರೂಪಾಯಿ, ಟ್ರಾಫಿಕ್ಕಿನಲ್ಲಿ ನಿಂತದ್ದಕ್ಕೆ ಸ್ವಲ್ಪ ಹೆಚ್ಚು. ಈ ಒಂದು ಅಂಕಿ ಬಾಯಿಪಾಠವಿದ್ದರೆ ಐನೂರು ಕೇಳಿದವನಿಗೆ ಏನು ಹೇಳಬೇಕೆಂದು ತಾನೇ ತಿಳಿಯುತ್ತದೆ. ಮೀಟರು ಓಡುವ ವೇಗದ ಮೇಲೆ ಅನುಮಾನ ಬಂದರೆ ಮೊಬೈಲಿನಲ್ಲಿ ಮ್ಯಾಪು ತೆರೆದು ದೂರ ನೋಡಿ. ಅಳತೆ ಈಗ ನಮ್ಮ ಜೇಬಿನಲ್ಲೂ ಇದೆಯಲ್ಲ!

ಆ್ಯಪ್ ಟ್ಯಾಕ್ಸಿ ಬಗ್ಗೆ ಒಂದು ಮಾತು. ಮಳೆ ಬಂದಾಗ ಹೆಚ್ಚು ಕೇಳುವುದನ್ನು 1863ರಿಂದ ಸರಕಾರಗಳು ತಡೆಯುತ್ತ ಬಂದವು. ಈಗ ಅದಕ್ಕೆ 'ಸರ್ಜ್' ಎಂಬ ಗೌರವದ ಹೆಸರು ಬಂದಿದೆ. ಕೇಂದ್ರ ಸರಕಾರದ 2020ರ ಮಾರ್ಗಸೂಚಿ ಮೂಲ ದರದ ಒಂದೂವರೆ ಪಟ್ಟಿಗೆ ಮಿತಿ ಹಾಕಿತ್ತು, 2025ರ ಮಾರ್ಗಸೂಚಿ ಎರಡು ಪಟ್ಟಿಗೆ ಬಿಟ್ಟಿತು. ಹತ್ತುವ ಮೊದಲೇ ಹೇಳುತ್ತಾರೆ, ಹಾಗಾಗಿ ಮೋಸ ಅನ್ನಲಾಗದು, ಒಪ್ಪುತ್ತೇನೆ. ಆದರೆ ಆ ಲೆಕ್ಕ ಎಲ್ಲಿ ಹುಟ್ಟುತ್ತದೆ ಎಂದು ಕಾಣುವುದಿಲ್ಲ. ನನಗಂತೂ ಹಳೆಯ ಮೋರಿ ನೆನಪಾಗುತ್ತದೆ.

ಚೀಲ ಹಗುರವಿದ್ದವರಿಗೆ ಬೆಸ್ಟ್ ಬಸ್ಸೇ ಇದೆ. 2019ರಲ್ಲಿ 5 ರೂಪಾಯಿಗೆ ಇಳಿದಿದ್ದ ಕನಿಷ್ಠ ದರ 2025ರ ಮೇ 9ರಿಂದ 10 ರೂಪಾಯಿ ಆಗಿದೆ, ಎ.ಸಿ. ಬಸ್ಸಿಗೆ 12. ಮೇ 9, ಟ್ರಾಮ್ ಹೊರಟ ದಿನವೇ! ಬೇಕೆಂದೇ ಆರಿಸಿದ್ದೋ, ಆಕಸ್ಮಿಕವೋ... ಮಳೆ ಬಂದರೆ ಮಾತ್ರ ಅದಕ್ಕೆ ಒಂದು ಪೈಸೆ ಹೆಚ್ಚಿಲ್ಲ.