ಶೀಲವೂ ಏಕಾಂತವೂ

ಪಂಚಶೀಲಗಳಲ್ಲಿ ಮೂರನೆಯದರ ಬಗೆಗೆ ಸಭೆಗಳಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಕೊಲ್ಲಬಾರದು, ಕದಿಯಬಾರದು, ಹುಸಿ ನುಡಿಯಬಾರದು, ಮದ್ಯ ಸೇವಿಸಬಾರದು ಎಂಬ ನಾಲ್ಕನ್ನು ವಿಸ್ತಾರವಾಗಿ ವಿವರಿಸುವವರು ಕೂಡ ‘ಕಾಮೇಸು ಮಿಚ್ಛಾಚಾರ’ದ ಬಳಿಗೆ ಬಂದೊಡನೆ ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಕಾಮದ ವಿಷಯದಲ್ಲಿ ತಪ್ಪು ನಡೆಯಿಂದ ದೂರವಿರುವುದು ಎಂಬುದು ಆ ಶೀಲದ ಸರಳವಾದ ಅರ್ಥ. ಆದರೆ ಯಾವುದು ತಪ್ಪು ನಡೆ? ಅದನ್ನು ನಿರ್ಣಯಿಸತಕ್ಕವರು ಯಾರು? ಸಂಕೋಚದ ವಿಷಯವೆಂದು ನಾವು ಬದಿಗಿಟ್ಟಿರುವ ಈ ಎರಡು ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಇಂದಿನ ನನ್ನ ಉದ್ದೇಶ.

ಬುದ್ಧನ ಮಾತು ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ ಕಳುಹಿಸಿದರೆಂದು ಸಿಂಹಳದ ‘ಮಹಾವಂಸ’ ಹೇಳುತ್ತದೆ. ಆ ವನವಾಸವು ನಮ್ಮ ಸೊರಬದ ನೆರೆಯ ಬನವಾಸಿಯೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1065ರಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ರೂಪಭಟ್ಟಯ್ಯನು ಬೌದ್ಧ ವಿಹಾರವನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟನೆಂಬುದಕ್ಕೆ ಶಾಸನವಿದೆ. ಅನಂತರ ಶತಮಾನಗಳ ಕಾಲ ಆ ದನಿ ಅಡಗಿಹೋಯಿತು. ಅದು ಮರಳಿ ಕೇಳಿಸಿದ್ದು ಬೇರೊಂದು ದಾರಿಯಿಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಬೌದ್ಧಧರ್ಮವನ್ನು ಸ್ವೀಕರಿಸಿ ತಮ್ಮ ಅನುಯಾಯಿಗಳಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ವ್ಯಭಿಚಾರ ಮಾಡೆನೆಂಬುದೂ ಅವುಗಳಲ್ಲೊಂದು. 1970ರ ದಶಕದಲ್ಲಿ ಭದ್ರಾವತಿಯಲ್ಲಿ, ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅಂಬೇಡ್ಕರರ ವಿಚಾರಗಳು ಈ ಭಾಗದಲ್ಲಿ ಹೊಸ ಬಲ ಪಡೆದವು. ಅವುಗಳೊಡನೆ ಬುದ್ಧನ ಹೆಸರೂ ಬಂದಿತು.

ಇನ್ನು ಮೂರನೆಯ ಶೀಲದ ವಿಚಾರ. ಪಾಳಿ ಸುತ್ತಗಳು ತಪ್ಪು ನಡೆಯನ್ನು ವಿವರಿಸುವಾಗ ಒಂದು ಪಟ್ಟಿಯನ್ನು ಕೊಡುತ್ತವೆ. ತಾಯಿಯ ರಕ್ಷಣೆಯಲ್ಲಿರುವವಳು, ತಂದೆಯ ರಕ್ಷಣೆಯಲ್ಲಿರುವವಳು, ಅಣ್ಣತಮ್ಮಂದಿರ, ಅಕ್ಕತಂಗಿಯರ, ಬಂಧುಗಳ ರಕ್ಷಣೆಯಲ್ಲಿರುವವಳು, ಗಂಡನುಳ್ಳವಳು, ಮದುವೆಗೆ ನಿಶ್ಚಯವಾಗಿ ಹೂಮಾಲೆ ಹಾಕಿಸಿಕೊಂಡವಳು ಎಂಬ ಕ್ರಮದ ಪಟ್ಟಿಯದು. ಇಂಥವಳನ್ನು ಪುರುಷನು ಕೂಡತಕ್ಕದ್ದಲ್ಲ. ಗಮನಿಸಿ: ಆಕೆ ಯಾರ ವಶದಲ್ಲಿದ್ದಾಳೆ ಎಂಬುದು ಇಲ್ಲಿ ಉಂಟು, ಆಕೆಯ ಇಷ್ಟವೇನು ಎಂಬುದು ಇಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಸಮಾಜದಲ್ಲಿ ಇದು ಆಶ್ಚರ್ಯವೇನೂ ಅಲ್ಲ.

ಆಶ್ಚರ್ಯವೆಂದರೆ ನಮ್ಮ ಕಾಲದ ಕಾನೂನೂ ಇದೇ ಲೆಕ್ಕದಲ್ಲಿ ನಡೆದುಬಂದದ್ದು. 1860ರ ಭಾರತೀಯ ದಂಡಸಂಹಿತೆಯ 497ನೆಯ ಕಲಮಿನ ಪ್ರಕಾರ, ಪರರ ಹೆಂಡತಿಯನ್ನು ಆಕೆಯ ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಪುರುಷನು ಅಪರಾಧಿ. ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಇಲ್ಲ! ಹೆಂಡತಿಯ ಮನಸ್ಸಿಗೆ ಅಲ್ಲಿಯೂ ಸ್ಥಾನವಿರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ರದ್ದುಗೊಳಿಸಿತು. ಹೆಣ್ಣು ಗಂಡನ ಸ್ವತ್ತಲ್ಲ ಎಂಬುದು ಆ ತೀರ್ಪಿನ ಸಾರ. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಉಳಿಯಿತು; ಸೆರೆಮನೆಗೆ ಕಾರಣವಾಗಿ ಉಳಿಯಲಿಲ್ಲ.

ಹಾಗಾದರೆ ಹಳೆಯ ಪಟ್ಟಿಯೊಡನೆ ಹಳೆಯ ಶೀಲವೂ ಬಿದ್ದುಹೋಯಿತೆ? ಇಲ್ಲವೆಂದೇ ನನ್ನ ಅಭಿಪ್ರಾಯ. ಕೋಸಲದ ವೇಳುದ್ವಾರವೆಂಬ ಊರಿನ ಗೃಹಸ್ಥರಿಗೆ ಬುದ್ಧನು ಈ ಶೀಲದ ಕಾರಣವನ್ನೂ ತಿಳಿಸಿದ್ದಾನೆ. ನನಗೆ ಯಾವುದು ಅಪ್ರಿಯವೋ ಅದು ಇನ್ನೊಬ್ಬನಿಗೂ ಅಪ್ರಿಯ. ಅಂದಮೇಲೆ ಅದನ್ನು ಅವನ ಮೇಲೆ ನಾನು ಹೇಗೆ ಹೊರಿಸಲಿ ಎಂಬುದು ಅಲ್ಲಿಯ ವಿಚಾರಸರಣಿ. ಪಟ್ಟಿ ಆ ಕಾಲದ್ದು. ಕಾರಣ ಎಲ್ಲ ಕಾಲದ್ದು. ಈ ಕಾರಣವನ್ನೇ ಅಳತೆಗೋಲಾಗಿ ಹಿಡಿದರೆ ಒಪ್ಪಿಗೆಯಿಲ್ಲದ ಸ್ಪರ್ಶ, ವಂಚನೆಯ ಪ್ರೇಮ, ನಂಬಿದವರಿಗೆ ಬಗೆಯುವ ದ್ರೋಹ ಇವೆಲ್ಲ ಇಂದಿಗೂ ಮಿಚ್ಛಾಚಾರವೇ. ಮದುವೆಯಾಗಿದೆಯೆಂಬ ಮಾತ್ರಕ್ಕೆ ಬಲಾತ್ಕಾರ ಸದಾಚಾರವಾಗದು.

ಎರಡನೆಯ ಪ್ರಶ್ನೆ, ನಿರ್ಣಯಿಸತಕ್ಕವರು ಯಾರೆಂಬುದು. ಇಲ್ಲಿ ವಿನಯಪಿಟಕವು ನಮಗೆ ಬಹಳ ಉಪಯುಕ್ತ. ಉದಾಯಿಯೆಂಬ ಭಿಕ್ಷು ಒಬ್ಬ ತರುಣಿಯೊಡನೆ ಏಕಾಂತದಲ್ಲಿ ಕುಳಿತಿದ್ದುದನ್ನು ಉಪಾಸಿಕೆ ವಿಶಾಖೆ ಕಂಡಳು. ಆಕೆ ಊರಿಗೆಲ್ಲ ಸಾರಲಿಲ್ಲ. ಮೊದಲು ಅವನಿಗೇ ಇದು ತರವಲ್ಲವೆಂದು ಹೇಳಿದಳು. ಅವನು ಕಿವಿಗೊಡದಿದ್ದಾಗ ಭಿಕ್ಷುಗಳಿಗೆ ತಿಳಿಸಿದಳು. ಇನ್ನೊಂದು ಪ್ರಸಂಗ: ದಂಡನೆಯ ಅವಧಿಯಲ್ಲಿದ್ದ ಉಪನಂದನೆಂಬ ಭಿಕ್ಷುವಿನ ದೋಷವನ್ನು, ಅವನೊಡನೆ ಜಗಳವಾಡಿದ್ದ ಭಿಕ್ಷುಗಳು ಗೃಹಸ್ಥರ ಮುಂದೆ ಆಡಿಕೊಂಡರು. ದೋಷ ನಿಜವಾದದ್ದೇ. ಆದರೂ ಸಂಘದ ಅನುಮತಿಯಿಲ್ಲದೆ ಒಬ್ಬನ ಗುರುತರ ದೋಷವನ್ನು ಹೊರಗಿನವರಿಗೆ ಹೇಳುವುದೇ ಅಪರಾಧವೆಂದು ನಿಯಮವಾಯಿತು. ಸುಳ್ಳು ಆರೋಪ ಹೊರಿಸುವುದಂತೂ ಅದಕ್ಕಿಂತ ಭಾರಿ ತಪ್ಪು. ದಬ್ಬ ಮಲ್ಲಪುತ್ತನ ಮೇಲೆ ಕಟ್ಟಿದ ಸುಳ್ಳು ಕಥೆಯೇ ಆ ನಿಯಮಕ್ಕೆ ಮೂಲ. ತಪ್ಪಿಗೆ ವಿಚಾರಣೆಯುಂಟು, ಬೀದಿಯ ಮಾತಿಗೆ ಮನ್ನಣೆಯಿಲ್ಲ ಎಂಬ ವಿವೇಕ ಇದು.

ಈ ವಿವೇಕಕ್ಕೆ ನಮ್ಮ ಸಂವಿಧಾನದ ಭಾಷೆಯಲ್ಲಿ ಆಧಾರ ದೊರೆಯಲು ಕಾರಣರಾದವರು ಕನ್ನಡ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 6ರಂದು, ವಯಸ್ಕರಾದ ಸಲಿಂಗಿಗಳು ಪರಸ್ಪರ ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ಬಂದ ತೀರ್ಪಿಗೂ ಇದೇ ತಳಹದಿಯಾಯಿತು.

ತೀರ್ಪು ದೆಹಲಿಯಲ್ಲಿ ಬರೆದದ್ದು; ಬದುಕು ನಡೆಯುವುದು ನಮ್ಮ ಬೀದಿಗಳಲ್ಲಿ. ಭದ್ರಾವತಿ ಬೆಳೆದದ್ದು ಕಬ್ಬಿಣದ ಮತ್ತು ಕಾಗದದ ಕಾರ್ಖಾನೆಗಳಿಂದ. ನಾನಾ ಸೀಮೆಗಳಿಂದ, ನಾನಾ ಭಾಷೆಗಳನ್ನಾಡುತ್ತ ಬಂದವರು ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಸಂಸಾರ ಹೂಡಿದರು. ಒಂದು ಮನೆಯ ಪಿಸುಮಾತು ಮತ್ತೊಂದು ಮನೆಗೆ ಕೇಳುತ್ತಿತ್ತು. ಕೇಳಿಯೂ ಕೇಳದಂತಿರುವುದು ಅಲ್ಲಿಯ ಹಿರಿಯರು ಕಲಿತ ಮರ್ಯಾದೆ. ಇಂದು ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳು ಸಹಪಾಠಿಯೊಡನೆ ಎರಡು ಮಾತನಾಡಿದರೆ, ಆಕೆ ಮನೆ ತಲುಪುವುದಕ್ಕೆ ಮುಂಚೆ ಆಕೆಯ ಚಿತ್ರ ತಲುಪಿರಬಹುದು. ಆಕೆಯ ಓದು ನಿಲ್ಲುವುದಕ್ಕೆ ಅಷ್ಟೇ ಸಾಕು. ಚಿತ್ರ ತೆಗೆದವನು ತಾನು ಶೀಲವನ್ನು ಕಾಪಾಡಿದೆನೆಂದುಕೊಳ್ಳುತ್ತಾನೆ. ವೇಳುದ್ವಾರದ ಅಳತೆಗೋಲಿನಿಂದ ಅಳೆದರೆ ಶೀಲಗೆಟ್ಟವನು ಅವನೇ.

ಏಕಾಂತದ ಹೆಸರಿನಲ್ಲಿ ಕ್ರೌರ್ಯವೂ ಅಡಗಿಕೊಳ್ಳುವುದಿಲ್ಲವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಯ ಗುಟ್ಟು ಎಂಬ ಮಾತು ಎಷ್ಟೋ ಹೆಣ್ಣುಮಕ್ಕಳ ಅಳುವನ್ನು ಮುಚ್ಚಿದೆ. ವಿನಯಪಿಟಕ ಇದಕ್ಕೂ ಎಡೆಯಿಟ್ಟಿದೆ. ಸಂಘವು ವಿಚಾರಮಾಡಿ ಒಪ್ಪಿದರೆ ದೋಷವನ್ನು ಹೊರಗೆ ತಿಳಿಸಬಹುದು. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ನೊಂದವರು ಬಾಯಿಬಿಡುವುದು ದೂರು. ನೋವೇ ಇಲ್ಲದ ಕಡೆ ನೆರೆಯವರು ಇಣುಕುವುದು ಚಾಳಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೊನೆಯದಾಗಿ ವ್ಯಾಕರಣದ ಒಂದು ಸಣ್ಣ ಮಾತು. ಪಂಚಶೀಲಗಳನ್ನು ಸ್ವೀಕರಿಸುವವನು ಪಾಳಿಯಲ್ಲಿ ‘ಸಮಾದಿಯಾಮಿ’ ಎನ್ನುತ್ತಾನೆ. ನಾನು ಕೈಗೊಳ್ಳುತ್ತೇನೆ ಎಂದು ಅದರ ಅರ್ಥ. ಅದು ಉತ್ತಮ ಪುರುಷ, ಏಕವಚನ. ನೀನು ಕೈಗೊಳ್ಳು ಎಂದಾಗಲಿ, ಅವಳು ಕೈಗೊಳ್ಳಲಿ ಎಂದಾಗಲಿ ಅಲ್ಲಿಲ್ಲ. ಮೂರನೆಯ ಶೀಲವನ್ನು ಪರರ ಕೋಣೆಯ ಬಾಗಿಲಿಗೆ ಕಿವಿಗೊಡಲು ಬಳಸುವವರು ಈ ಒಂದು ಕ್ರಿಯಾಪದವನ್ನು ಸರಿಯಾಗಿ ಓದಿಕೊಂಡರೂ ಸಾಕು. ನಮ್ಮ ಊರುಗಳಲ್ಲಿ ಎಷ್ಟೋ ಮಕ್ಕಳು ತಮ್ಮ ಓದನ್ನು ನೆಮ್ಮದಿಯಿಂದ ಮುಗಿಸಿಯಾರು.

(ಆಕಾಶವಾಣಿ, ಭದ್ರಾವತಿ ಕೇಂದ್ರದ ಕೃಪೆಯಿಂದ)