ನ್ಯಾನೊ ವಸ್ತುಗಳಿಂದ ಪರಿಸರ ಹಾಗೂ ಆರೋಗ್ಯಕ್ಕೆ ಉಂಟಾಗಬಹುದಾದ ಅಪಾಯಗಳ ಮೌಲ್ಯಮಾಪನ: ಗದಗ ಜಿಲ್ಲೆಯ ರೈತರಿಗೆ ಮಾಹಿತಿ

ಪೀಠಿಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗಗಳಲ್ಲಿ ಮೆಕ್ಕೆಜೋಳ, ಹೆಸರು, ಈರುಳ್ಳಿ, ಶೇಂಗಾ, ಹತ್ತಿ ಮತ್ತು ಮೆಣಸಿನಕಾಯಿ ಪ್ರಮುಖ ಬೆಳೆಗಳಾಗಿರುತ್ತವೆ. ಎಲೆಗಳ ಮೇಲೆ ಸಿಂಪಡಿಸುವ ನ್ಯಾನೊ ಯೂರಿಯಾ ಹಾಗೂ ನ್ಯಾನೊ ಡಿಎಪಿ ದ್ರವ ಗೊಬ್ಬರಗಳು ಬಳಕೆಗೆ ಬಂದ ನಂತರ ನ್ಯಾನೊ ವಸ್ತು ಎಂಬುದು ಪ್ರಯೋಗಾಲಯದ ವಿಷಯವಾಗಿ ಉಳಿದಿಲ್ಲ. ಅದು ರೈತರ ಸಿಂಪರಣಾ ಯಂತ್ರವನ್ನು ತಲುಪಿದೆ. ಇಂತಹ ವಸ್ತುಗಳ ಅಪಾಯವನ್ನು ಅಂದಾಜು ಮಾಡುವ ವಿಧಾನ ಮತ್ತು ಬಳಕೆದಾರರು ವಹಿಸಬೇಕಾದ ಎಚ್ಚರಿಕೆಯನ್ನು ಇಲ್ಲಿ ವಿವರಿಸಲಾಗಿದೆ.

1. ನ್ಯಾನೊ ವಸ್ತು ಎಂದರೇನು?

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣಗಳೆಂದು ಕರೆಯಲಾಗುತ್ತದೆ. ಒಂದು ಸೆಂಟಿಮೀಟರ್ ಬದಿಯುಳ್ಳ ಘನದ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್ ಇರುತ್ತದೆ. ಅದನ್ನೇ 10 ನ್ಯಾನೊಮೀಟರ್ ಬದಿಯ ಘನಗಳಾಗಿ ಒಡೆದಲ್ಲಿ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ತೂಕ ಬದಲಾಗದಿದ್ದರೂ ಪ್ರತಿಕ್ರಿಯೆಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚುವುದರಿಂದ ವಸ್ತುವಿನ ವರ್ತನೆ ಬದಲಾಗಬಹುದು.

2. ತೂಕ ಮಾತ್ರ ಏಕೆ ಸಾಲದು?

ಮುಂಡರಗಿ ಭಾಗದ ಜನರಿಗೆ ಅಂತರ್ಜಲದ ಫ್ಲೋರೈಡ್ ಸಮಸ್ಯೆ ಪರಿಚಿತವೇ ಆಗಿದೆ. ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದಲ್ಲಿ ಹಲ್ಲು ಹಾಗೂ ಮೂಳೆಗಳಿಗೆ ಹಾನಿ ಉಂಟಾಗಬಹುದು. ಅಲ್ಲಿ ನೀರಿನಲ್ಲಿರುವ ಪ್ರಮಾಣವನ್ನು ಅಳೆದರೆ ಅಪಾಯದ ಅಂದಾಜು ದೊರೆಯುತ್ತದೆ. ನ್ಯಾನೊ ವಸ್ತುಗಳ ವಿಷಯದಲ್ಲಿ ಪ್ರಮಾಣದ ಜೊತೆಗೆ ಕಣದ ಗಾತ್ರ, ಆಕಾರ, ಹೊದಿಕೆ ಮತ್ತು ಕರಗುವ ಗುಣವನ್ನೂ ಪರಿಗಣಿಸಬೇಕಾಗುತ್ತದೆ.

ಇದಕ್ಕೆ ಉತ್ತಮ ಉದಾಹರಣೆ ಟೈಟಾನಿಯಂ ಡೈಆಕ್ಸೈಡ್. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 2011ರಲ್ಲಿ ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಇದರ ಮಿತಿಯನ್ನು ಸಾಧಾರಣ ಸೂಕ್ಷ್ಮ ಕಣಗಳಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ ಎಂದೂ, ನ್ಯಾನೊ ಗಾತ್ರದ ಕಣಗಳಿಗೆ 0.3 ಮಿಲಿಗ್ರಾಂ ಎಂದೂ ಶಿಫಾರಸು ಮಾಡಿತು. ವಸ್ತು ಒಂದೇ ಆಗಿದ್ದರೂ ಗಾತ್ರದ ಕಾರಣದಿಂದ ಮಿತಿ ಎಂಟು ಪಟ್ಟು ಬಿಗಿಯಾಯಿತು.

3. ಮೌಲ್ಯಮಾಪನದ ಹಂತಗಳು

ಅ) ವಸ್ತುವಿನ ಗುರುತಿಸುವಿಕೆ: ಕಣದ ಗಾತ್ರ, ಆಕಾರ, ಕರಗುವಿಕೆ ಹಾಗೂ ಸೇರಿಸಲಾದ ಇತರೆ ಪದಾರ್ಥಗಳ ಪರಿಶೀಲನೆ.

ಆ) ಹಾನಿಕಾರಕ ಗುಣದ ಪರೀಕ್ಷೆ: ಜೀವಕೋಶ, ಪ್ರಾಣಿ, ಮೀನು, ಎರೆಹುಳು ಮುಂತಾದವುಗಳ ಮೇಲಿನ ಪರಿಣಾಮ.

ಇ) ಸಂಪರ್ಕದ ಅಂದಾಜು: ಯಾರು, ಯಾವ ಮಾರ್ಗದಿಂದ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಸಂಪರ್ಕಕ್ಕೆ ಬರುತ್ತಾರೆ ಎಂಬುದು.

ಈ) ಅಪಾಯದ ನಿರ್ಣಯ: ಮೇಲಿನ ಮೂರನ್ನೂ ಒಟ್ಟುಗೂಡಿಸಿ ತೀರ್ಮಾನಿಸುವುದು. ಹಾನಿಕಾರಕ ವಸ್ತುವಾದರೂ ಸಂಪರ್ಕವಿಲ್ಲದಿದ್ದಲ್ಲಿ ಅಪಾಯ ಕಡಿಮೆ. ಸೌಮ್ಯ ವಸ್ತುವಾದರೂ ನಿತ್ಯ ಸಂಪರ್ಕವಿದ್ದಲ್ಲಿ ಪರಿಶೀಲನೆ ಅಗತ್ಯ.

ಕೃಷಿ ಮತ್ತು ಆಹಾರದಲ್ಲಿ ಬಳಸುವ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕಾಗಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯು 2020ರ ಜುಲೈನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ.

4. ನ್ಯಾನೊ ಯೂರಿಯಾ: ತಿಳಿದಿರಬೇಕಾದ ಅಂಶಗಳು

ಇಫ್ಕೋ ಸಂಸ್ಥೆಯ ನ್ಯಾನೊ ಯೂರಿಯಾವನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಸೇರಿಸಲಾಯಿತು. ನ್ಯಾನೊ ಡಿಎಪಿಯನ್ನು 2023ರಲ್ಲಿ ಸೇರಿಸಲಾಯಿತು. ಯೂರಿಯಾ ನೀರಿನಲ್ಲಿ ಕರಗುವ ವಸ್ತುವಾಗಿದ್ದು, ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವವು ಅದನ್ನು ವಿಭಜಿಸುತ್ತದೆ. ಆದ್ದರಿಂದ ಕಣಗಳಾಗಿಯೇ ದೀರ್ಘಕಾಲ ಉಳಿಯಬಲ್ಲ ಟೈಟಾನಿಯಂ ಡೈಆಕ್ಸೈಡ್ ಅಥವಾ ಅಯಾನುಗಳನ್ನು ಬಿಡುಗಡೆ ಮಾಡುವ ಬೆಳ್ಳಿಯಂತಹ ವಸ್ತುಗಳೊಂದಿಗೆ ಇದನ್ನು ಸಮೀಕರಿಸುವುದು ಸರಿಯಲ್ಲ. ಒಂದು ನ್ಯಾನೊ ಉತ್ಪನ್ನ ಸುರಕ್ಷಿತವೆಂದ ಮಾತ್ರಕ್ಕೆ ಉಳಿದೆಲ್ಲವೂ ಸುರಕ್ಷಿತವೆಂದು ಭಾವಿಸುವುದೂ ಸರಿಯಲ್ಲ.

ರೈತರಿಗೆ ಇಳುವರಿಯ ನಷ್ಟವೂ ಒಂದು ಅಪಾಯವೇ ಆಗಿರುತ್ತದೆ. 45 ಕಿಲೋಗ್ರಾಂ ಯೂರಿಯಾ ಚೀಲದಲ್ಲಿ ಸುಮಾರು 20.7 ಕಿಲೋಗ್ರಾಂ ಸಾರಜನಕವಿರುತ್ತದೆ. ಆರಂಭದಲ್ಲಿ ಬಂದ ಶೇ. 4ರ 500 ಮಿಲಿಲೀಟರ್ ಬಾಟಲಿಯಲ್ಲಿ ಇದ್ದುದು ಸುಮಾರು 20 ಗ್ರಾಂ. ನಂತರ ಹೆಚ್ಚಿನ ಸಾಂದ್ರತೆಯ ದ್ರವಗಳು ಬಂದಿವೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯವು ಎರಡು ವರ್ಷ ನಡೆಸಿದ ಕ್ಷೇತ್ರ ಪ್ರಯೋಗದಲ್ಲಿ ಶಿಫಾರಸಿನ ಸಾರಜನಕದ ಒಂದು ಭಾಗವನ್ನು ನ್ಯಾನೊ ಯೂರಿಯಾದಿಂದ ಭರ್ತಿ ಮಾಡಿದಾಗ ಭತ್ತ ಮತ್ತು ಗೋಧಿಯ ಇಳುವರಿ ಕಡಿಮೆಯಾಯಿತು. ಆದುದರಿಂದ ಮೂಲ ಗೊಬ್ಬರವನ್ನು ಏಕಾಏಕಿ ಕಡಿತಗೊಳಿಸದೆ, ಮೊದಲು ಹೊಲದ ಒಂದು ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡುವುದು ಸೂಕ್ತ.

5. ಸ್ಥಳೀಯ ಪರಿಸರ

ಶಿರಹಟ್ಟಿ ಮತ್ತು ಮುಂಡರಗಿ ಭಾಗದ ದಕ್ಷಿಣಕ್ಕೆ ತುಂಗಭದ್ರಾ ನದಿ ಹರಿಯುತ್ತದೆ. ಲಕ್ಷ್ಮೇಶ್ವರದ ಸಮೀಪದ ಮಾಗಡಿ ಕೆರೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ತಾಣವೆಂದು ಘೋಷಿಸಲಾಗಿದೆ. ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿಯೂ ಮೇಯುತ್ತವೆ. ಹೊಲಕ್ಕೆ ಸಿಂಪಡಿಸಿದ ಯಾವುದೇ ವಸ್ತು ಮಳೆನೀರಿನೊಂದಿಗೆ ಕೆರೆ ಸೇರುವ ಸಾಧ್ಯತೆಯಿರುವುದರಿಂದ, ಇಂತಹ ಜಲಮೂಲಗಳ ಬಳಿ ಸಂಪರ್ಕದ ಅಂದಾಜಿನಲ್ಲಿ ಜಲಚರ ಮತ್ತು ಪಕ್ಷಿಗಳನ್ನೂ ಸೇರಿಸುವುದು ಅವಶ್ಯಕ.

6. ಬಳಕೆದಾರರು ವಹಿಸಬೇಕಾದ ಎಚ್ಚರಿಕೆ

• ಬಾಟಲಿಯ ಮೇಲಿನ ಸಾಂದ್ರತೆ, ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಓದತಕ್ಕದ್ದು.
• ಸಿಂಪರಣೆಯ ಹನಿಗಳು ಉಸಿರಿನ ಮೂಲಕ ದೇಹ ಸೇರದಂತೆ ಸೂಕ್ತ ಮುಖಗವಸು ಧರಿಸುವುದು. ಟವೆಲ್ ಸುತ್ತಿಕೊಳ್ಳುವುದು ಸಾಲದು. ಕೈಗವಸು ಹಾಗೂ ತುಂಬುತೋಳಿನ ಅಂಗಿಯನ್ನೂ ಧರಿಸುವುದು.
• ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಡ್ರೋನ್ ಮೂಲಕ ಸಿಂಪಡಿಸುವಾಗ ಮಕ್ಕಳು ಮತ್ತು ಜಾನುವಾರುಗಳನ್ನು ದೂರವಿರಿಸುವುದು.
• ಕೀಟನಾಶಕದೊಂದಿಗೆ ಬೆರೆಸಿದಲ್ಲಿ ಆ ಕೀಟನಾಶಕದ ಅಪಾಯವೂ ಸೇರುತ್ತದೆ ಎಂಬುದನ್ನು ಮರೆಯಬಾರದು.
• ಸಿಂಪರಣಾ ಯಂತ್ರವನ್ನು ಕೆರೆ, ಹಳ್ಳ, ಬಾವಿಗಳಲ್ಲಿ ತೊಳೆಯಬಾರದು. ಖಾಲಿ ಬಾಟಲಿಗಳನ್ನು ಮನೆಬಳಕೆಗೆ ಉಪಯೋಗಿಸಬಾರದು.
• ಸಿಂಪರಣೆಯ ನಂತರ ಉಸಿರಾಟದ ತೊಂದರೆ ಅಥವಾ ಚರ್ಮದ ಉರಿ ಕಂಡುಬಂದಲ್ಲಿ ಬಾಟಲಿಯೊಂದಿಗೆ ವೈದ್ಯರನ್ನು ಕಾಣುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551 ಅನ್ನು ಸಂಪರ್ಕಿಸಬಹುದಾಗಿದೆ.