ಕೆಟ್ಟಿದ್ದು ಆಟದ ಪೆಟ್ಟಿಗೆಯೋ, ಕರೆಂಟೋ?

ಅಟ್ಟದ ಮೇಲಿನ ಹಳೆಯ ಸಾಮಾನು ಕೆಳಗಿಳಿಸುವಾಗ ಒಮ್ಮೊಮ್ಮೆ ಟಿ.ವಿ. ಗೇಮ್ ಒಂದು ಕೈಗೆ ಬರುತ್ತದೆ. ಬಿಳಿಯ ಪ್ಲಾಸ್ಟಿಕ್ಕು ಹಳದಿಗೆ ತಿರುಗಿರುತ್ತದೆ. ಎರಡು ಹಿಡಿಕೆಗಳ ವೈರು ಸಿಕ್ಕುಗಟ್ಟಿರುತ್ತದೆ. ಮನೆಯ ಹಿರಿಯರ ತೀರ್ಪು ಮಾತ್ರ ಸಿದ್ಧವಾಗಿರುತ್ತದೆ: "ಅದು ಎಂದೋ ಕೆಟ್ಟೈತಿ, ಗುಜರಿಗೆ ಹಾಕ್ರಿ." ಯಾವಾಗ ಕೆಟ್ಟಿತು, ಏನು ಕೆಟ್ಟಿತು ಎಂದು ಕೇಳಿದರೆ ಉತ್ತರವಿಲ್ಲ. ಹುಡುಗರು ಬಡಿದು ಬಡಿದು ಕೆಡಿಸಿದರು ಎಂಬುದೊಂದೇ ಸಮಜಾಯಿಷಿ.

1990ರ ದಶಕದಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಇಂಥ ಆರೋಪ ಹೊತ್ತ ಹುಡುಗರು ಈಗ ನಡುವಯಸ್ಸಿನವರಾಗಿದ್ದಾರೆ. ಅವರ ಪರವಾಗಿ ಹೇಳಬೇಕಾದ ಮಾತೊಂದಿದೆ. ಈ ಪೆಟ್ಟಿಗೆಯ ಮಿದುಳಾದ ಚಿಪ್ಪು ಬಲು ಗಟ್ಟಿ ಜೀವ. ಹುಡುಗರ ಬಡಿತಕ್ಕೆ ಸುಲಭವಾಗಿ ಸಾಯುವಂಥದ್ದಲ್ಲ. ಸೊರಗುವುದು ಗೋಡೆಯ ಪ್ಲಗ್ಗಿನಿಂದ ಆ ಚಿಪ್ಪಿನವರೆಗಿನ ದಾರಿ. ಆ ದಾರಿಯನ್ನು ತಿಳಿಯಬೇಕಾದರೆ ಜಪಾನಿನಿಂದಲೂ ಹೊರಡಬೇಕು, ಶರಾವತಿಯಿಂದಲೂ ಹೊರಡಬೇಕು.

ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದದ್ದು 1983ರ ಜುಲೈ 15ರಂದು. ಬೆಲೆ 14,800 ಯೆನ್. ಅದನ್ನು ರೂಪಿಸಿದ ಎಂಜಿನಿಯರ್ ಮಸಾಯುಕಿ ಉಯೆಮುರಾ. ಜಪಾನಿನ ಮನೆಗಳಿಗೆ ಬರುವ ವಿದ್ಯುತ್ತು 100 ವೋಲ್ಟಿನದು. ಆದ್ದರಿಂದ ಅದರ ಅಡಾಪ್ಟರ್ 100 ವೋಲ್ಟನ್ನು ತೆಗೆದುಕೊಂಡು 10 ವೋಲ್ಟಿನ ಏಕಮುಖ ವಿದ್ಯುತ್ತಾಗಿ, 850 ಮಿಲಿ ಆಂಪಿಯರಿನವರೆಗೆ ಕೊಡುವಂತೆ ಮಾಡಲಾಗಿತ್ತು. 1985ರಲ್ಲಿ ಇದೇ ಯಂತ್ರ ವೇಷ ಬದಲಿಸಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಅದರ ಅಡಾಪ್ಟರ್ ಕೊಡುತ್ತಿದ್ದದ್ದು 9 ವೋಲ್ಟಿನ ಪರ್ಯಾಯ ವಿದ್ಯುತ್ತು. ಒಂದೇ ತಾಯಿಯ ಮಕ್ಕಳು, ಊಟ ಮಾತ್ರ ಬೇರೆ ಬೇರೆ. ಅಮೆರಿಕದ ಯಂತ್ರದೊಳಗೆ ಪರ್ಯಾಯ ವಿದ್ಯುತ್ತನ್ನು ಏಕಮುಖ ಮಾಡುವ ಡಯೋಡುಗಳಿದ್ದವು, ಜಪಾನಿನದರಲ್ಲಿ ಇರಲಿಲ್ಲ. ಅಮೆರಿಕದ ಅಡಾಪ್ಟರನ್ನು ಜಪಾನಿ ಪೆಟ್ಟಿಗೆಗೆ ಚುಚ್ಚಿದರೆ ಪೆಟ್ಟಿಗೆಗೇ ಅಪಾಯ.

ನಮ್ಮ ಸಂತೆಪೇಟೆಗಳಿಗೆ ಬಂದದ್ದು ಬಹುಪಾಲು ಇವೆರಡೂ ಅಲ್ಲ, ಇವುಗಳ ನಕಲು. ಪೂರ್ವ ಏಷ್ಯಾದ ಕಾರ್ಖಾನೆಗಳು ಫ್ಯಾಮಿಲಿ ಕಂಪ್ಯೂಟರಿನ ಒಳಗನ್ನು ಒಂದೆರಡು ಚಿಪ್ಪುಗಳಿಗೆ ಇಳಿಸಿ, ಅವುಗಳ ಮೇಲೆ ಕರಿಯ ಅಂಟಿನ ಗುಳ್ಳೆ ಸುರಿದು ಅಗ್ಗದ ಪೆಟ್ಟಿಗೆಗಳನ್ನು ಜಗತ್ತಿಗೆಲ್ಲ ಹಂಚಿದವು. ಭಾರತದಲ್ಲಿ 'ಮೀಡಿಯಾ', 'ಲಿಟಲ್ ಮಾಸ್ಟರ್' ಮುಂತಾದ ಹೆಸರುಗಳು ಹುಡುಗರ ಬಾಯಲ್ಲಿದ್ದವು. ಆಟದ ತುಣುಕನ್ನು 'ಕ್ಯಾಸೆಟ್' ಎಂದೇ ಕರೆದರು. ಅದರೊಳಗೆ ಟೇಪು ಇಲ್ಲವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರು ಯಾವುದಿದ್ದರೂ ಒಳಗಿನ ಚಿಪ್ಪಿಗೆ ಬೇಕಾದದ್ದು 5 ವೋಲ್ಟು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇನ್ನು ನಮ್ಮ ಕಡೆಯ ವಿದ್ಯುತ್ತಿನ ಕಥೆ. ಕರ್ನಾಟಕದ ವಿದ್ಯುತ್ ಚರಿತ್ರೆಯನ್ನು ಶಿವನಸಮುದ್ರದಿಂದ ಆರಂಭಿಸುವುದು ವಾಡಿಕೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅದೆಲ್ಲ ಮೈಸೂರು ಸಂಸ್ಥಾನದ ವೈಭವ. ಗದಗ ಸೀಮೆ ಆಗ ಬೇರೆಯೇ ಆಡಳಿತದಲ್ಲಿತ್ತು. ಒಂದೇ ಆಡಳಿತ ಎನ್ನುವಂತೆಯೂ ಇರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಚಕ್ಕಡಿ ಹೂಡಿ ಹೊರಟರೆ ಒಂದೇ ದಿನದಲ್ಲಿ ಮೂರು ದೊರೆತನ ಕಾಣಬಹುದಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ರಾಜ್ಯ ಒಂದಾಗಿ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ ಮೇಲೆಯೇ ಈ ಚೂರುಗಳೆಲ್ಲ ಒಂದು ತಂತಿಯ ಜಾಲಕ್ಕೆ ಬಂದವು.

1960ರ ದಶಕದಲ್ಲಿ ಶರಾವತಿಯ ವಿದ್ಯುತ್ತು ಬಂತು. ಅದರಿಂದ ರಾಜ್ಯಕ್ಕೆ ಬಲವೂ ಬಂತು, ಒಂದು ಚಟವೂ ಅಂಟಿತು. ವಿದ್ಯುತ್ತೆಂದರೆ ನೀರು ಎಂಬಂತಾಗಿ, ಮಲೆನಾಡಿನಲ್ಲಿ ಮಳೆ ತಪ್ಪಿದರೆ ಬಯಲುಸೀಮೆಯಲ್ಲಿ ದೀಪ ಆರುವ ಸ್ಥಿತಿ ನಿರ್ಮಾಣವಾಯಿತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಷ್ಟರಲ್ಲಿ ಪಂಪ್‌ಸೆಟ್ಟುಗಳು ಸಾಲುಗಟ್ಟಿದ್ದವು. ಟಿ.ವಿ. ಗೇಮ್ ಊರಿಗೆ ಕಾಲಿಟ್ಟದ್ದು ಸರಿಯಾಗಿ ಈ ಇಕ್ಕಟ್ಟಿನ ಹೊತ್ತಿನಲ್ಲಿ.

ವಿದ್ಯುತ್ತು ಇದ್ದರೂ ಸಾಲದು ಎಂಬುದು ಲೈನಿನ ತುದಿಯ ಮನೆಯವರಿಗೆ ಚೆನ್ನಾಗಿ ಗೊತ್ತು. ಕಾಲುವೆಯ ಬಾಯಿಯ ಹೊಲಗಳೆಲ್ಲ ಕುಡಿದ ಮೇಲೆ ಕೊನೆಯ ಹೊಲಕ್ಕೆ ಎಷ್ಟು ನೀರು ಉಳಿದೀತು? ತಂತಿಯ ಗತಿಯೂ ಅದೇ. ಟಿ.ಸಿ.ಯಿಂದ ದೂರ ಹೋದಷ್ಟೂ, ನಡುವೆ ಮೋಟಾರುಗಳು ಹೆಚ್ಚಿದಷ್ಟೂ ವೋಲ್ಟೇಜು ಇಳಿಯುತ್ತ ಹೋಗುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಪ್ರಕಾರ ಮನೆಗೆ ಬರುವ ವೋಲ್ಟೇಜು ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯುವಂತಿರಲಿಲ್ಲ. ಅಂದರೆ 230 ವೋಲ್ಟು ಎಂದು ಹಿಡಿದರೆ 216ರಿಂದ 244ರೊಳಗೆ ಇರಬೇಕಿತ್ತು. ನಿಯಮ ಪುಸ್ತಕದಲ್ಲಿತ್ತು. ಹಳ್ಳಿಯಲ್ಲಿ ತ್ರೀ ಫೇಸ್ ಬಂದ ಗಳಿಗೆಗೆ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದರೆ, ಊರೊಳಗಿನ ಟ್ಯೂಬ್‌ಲೈಟು ಹತ್ತಲಾರದೆ ಮಿಣುಕುತ್ತಿತ್ತು. ಬಡವರ ವೋಲ್ಟ್ ಮೀಟರ್ ಅದೇ.

ಇಲ್ಲಿ ಒಂದು ಲೆಕ್ಕ ಹಾಕಬಹುದು. ಆ ಕಾಲದ ಅಡಾಪ್ಟರ್ ಎಂದರೆ ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಬಂದದ್ದನ್ನು ಒಂದು ಪ್ರಮಾಣದಲ್ಲಿ ಇಳಿಸಿ ಕೊಡುತ್ತದೆ, ಅಷ್ಟೆ. 230 ಬಂದರೆ, ಪೂರ್ಣ ಹೊರೆಯಿರುವಾಗ, 9 ಕೊಡುತ್ತದೆ. 160 ಬಂದರೆ 6 ಚಿಲ್ಲರೆ ಕೊಡುತ್ತದೆ. ಪೆಟ್ಟಿಗೆಯೊಳಗೆ ಇದನ್ನು 5ಕ್ಕೆ ಇಳಿಸಿ ಹದಗೊಳಿಸುವ ಕಾವಲುಗಾರನೊಬ್ಬನಿದ್ದಾನೆ. ಅದು 7805 ಎಂಬ ಹೆಸರಿನ ಮೂರು ಕಾಲಿನ ರೆಗ್ಯುಲೇಟರ್. ಅದು ಕೆಲಸ ಮಾಡಬೇಕಾದರೆ ತಾನು ಕೊಡುವುದಕ್ಕಿಂತ ಸುಮಾರು 2 ವೋಲ್ಟು ಹೆಚ್ಚು ಒಳಗೆ ಬರಬೇಕು, ಎಂದರೆ 7. ಆರು ಚಿಲ್ಲರೆಯಲ್ಲಿ ಕಾವಲುಗಾರ ಕೈಚೆಲ್ಲುತ್ತಾನೆ. ಪರದೆಯ ಮೇಲೆ ಅಡ್ಡ ಪಟ್ಟೆಗಳು ಹರಿದಾಡುತ್ತವೆ, ಸ್ಪೀಕರಿನಲ್ಲಿ ದುಂಬಿಯ ಝೇಂಕಾರ ಕೇಳುತ್ತದೆ, ಓಡುತ್ತಿದ್ದ ಮಾರಿಯೋ ಚೂರುಚೂರಾದ ಅಕ್ಷರಗಳಾಗುತ್ತಾನೆ. ಕೊನೆಗೆ ಆಟ ತಾನಾಗಿಯೇ ಮೊದಲ ಪುಟಕ್ಕೆ ಹಾರುತ್ತದೆ. ಆಡಿದಷ್ಟನ್ನು ಉಳಿಸಿಕೊಳ್ಳುವ ಸೌಕರ್ಯ ಆ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಎಂಟನೆಯ ಲೋಕದವರೆಗೆ ಹೋದವನೂ ಒಂದರಿಂದಲೇ ಶುರು ಮಾಡಬೇಕು.

ಹೀಗಾದಾಗ ಟಿ.ವಿ.ಗೆ ಏನೂ ಆಗುತ್ತಿರಲಿಲ್ಲ. ಅದೇ ಎಲ್ಲರ ದಾರಿ ತಪ್ಪಿಸಿದ್ದು. ಟಿ.ವಿ.ಗೆ ಸ್ಟೆಬಿಲೈಜರ್ ಇರುತ್ತಿತ್ತು; ಟಕ್ ಟಕ್ ಎನ್ನುತ್ತ ಇಳಿದ ವೋಲ್ಟೇಜನ್ನು ಅದು ಏರಿಸಿಕೊಡುತ್ತಿತ್ತು. ನಂತರದ ಹಲವು ಕಲರ್ ಟಿ.ವಿ.ಗಳಂತೂ ಸ್ಟೆಬಿಲೈಜರ್ ಇಲ್ಲದೆಯೇ ಕಡಿಮೆ ವೋಲ್ಟೇಜಿನಲ್ಲಿ ನಡೆಯುವಂಥವು. ಗೇಮಿನ ಅಡಾಪ್ಟರ್ ಮಾತ್ರ ಪಕ್ಕದ ಬರಿಯ ಪ್ಲಗ್ಗಿನಲ್ಲಿರುತ್ತಿತ್ತು. ಟಿ.ವಿ. ಚೆನ್ನಾಗಿದೆ, ಗೇಮ್ ಮಾತ್ರ ತೊಂದರೆ ಕೊಡುತ್ತಿದೆ ಎಂದರೆ ತಪ್ಪು ಗೇಮಿನದೇ, ಅದನ್ನು ಹಿಡಿದು ಕೂತ ಹುಡುಗನದೇ ಎಂದು ತೀರ್ಮಾನವಾಗುತ್ತಿತ್ತು. ಆ ಸ್ಟೆಬಿಲೈಜರಿನಲ್ಲೇ ಇನ್ನೊಂದು ಪ್ಲಗ್ ಸಿಕ್ಕಿದ್ದರೆ ಎಷ್ಟೋ ಬೈಗುಳ ತಪ್ಪುತ್ತಿತ್ತು!

ವೋಲ್ಟೇಜು ಏರಿದಾಗಿನ ಪೆಟ್ಟು ಇದಕ್ಕಿಂತ ಕ್ರೂರ. ಗಾಳಿಗೋ ತುಕ್ಕಿಗೋ ಕಂಬದ ಮೇಲಿನ ನ್ಯೂಟ್ರಲ್ ತಂತಿ ಕಡಿದರೆ, ಬೇರೆ ಬೇರೆ ಫೇಸಿನ ಮನೆಗಳು ಸುಮಾರು 400 ವೋಲ್ಟನ್ನು ತಮ್ಮೊಳಗೆ ಅಸಮವಾಗಿ ಹಂಚಿಕೊಳ್ಳುತ್ತವೆ. ಕಡಿಮೆ ಹೊರೆಯ ಮನೆಗೆ ಹೆಚ್ಚಿನ ಪಾಲು. ಬಲ್ಬು ಒಮ್ಮೆಲೇ ಬೆಳ್ಳಗೆ ಉರಿದು ಸಿಡಿಯುತ್ತದೆ, ಅಡಾಪ್ಟರಿನ ಸುರುಳಿ ಸುಡುತ್ತದೆ. ಹಲವು ಅಡಾಪ್ಟರುಗಳಲ್ಲಿ ಸುರುಳಿಯ ಪಕ್ಕದಲ್ಲೇ, ಟೇಪಿನ ಕೆಳಗೆ, ಶಾಖಕ್ಕೆ ಕಡಿಯುವ ಫ್ಯೂಸು ಅಡಗಿರುತ್ತದೆ. ಅದು ಹೋದರೆ ಅಡಾಪ್ಟರ್ ಸತ್ತಂತೆ. ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿ ಓಡಿಸುವುದು ಮನೆಗೆ ಬೆಂಕಿ ಕರೆದಂತೆ.

ಅಡಾಪ್ಟರ್ ಹೋಯಿತೆಂದರೆ ರೇಡಿಯೊ ಅಂಗಡಿಯಿಂದ 'ಎಲಿಮಿನೇಟರ್' ತರುವುದು ರೂಢಿ. ಟೇಪ್ ರೆಕಾರ್ಡರಿಗೆ ಬ್ಯಾಟರಿಯ ಖರ್ಚು ಉಳಿಸಲೆಂದು ಹುಟ್ಟಿದ ಈ ಪುಟ್ಟ ಡಬ್ಬಿಯಲ್ಲಿ 3ರಿಂದ 12 ವೋಲ್ಟಿನವರೆಗೆ ಸರಿಸುವ ಗುಂಡಿ, ಕೂಡು-ಕಳೆ ಧ್ರುವ ಬದಲಿಸುವ ಇನ್ನೊಂದು ಗುಂಡಿ ಇರುತ್ತಿದ್ದವು. ಗಂಡಾಂತರ ಇದ್ದದ್ದು ಎರಡನೆಯ ಗುಂಡಿಯಲ್ಲಿ. ನಿಂಟೆಂಡೊದ ಜಪಾನಿ ಪೆಟ್ಟಿಗೆಗೆ ಪಿನ್ನಿನ ನಡುಭಾಗ ಋಣ. ನಕಲು ಪೆಟ್ಟಿಗೆಗಳಲ್ಲಿ ಒಂದೊಂದರದು ಒಂದೊಂದು ರೀತಿ. ಧ್ರುವ ಅದಲುಬದಲಾದರೆ 7805 ಸುಡಬಹುದು, ಪಕ್ಕದ ಕಂಡೆನ್ಸರ್ ಉಬ್ಬಬಹುದು. ಹಿಂಬದಿಯಲ್ಲಿ ಮೂಡಿಸಿದ ಪುಟ್ಟ ವೃತ್ತದ ಚಿತ್ರವನ್ನು ಓದಿದ್ದರೆ ಇದೆಲ್ಲ ತಪ್ಪುತ್ತಿತ್ತು. ಆದರೆ ಅದನ್ನು ಓದಲು ಯಾರು ಯಾರಿಗೆ ಕಲಿಸಿದ್ದರು?

ಇಂಥ ಪೆಟ್ಟಿಗೆಯನ್ನು ಈಗ ಎಬ್ಬಿಸಬೇಕೆನ್ನುವವರು ಗೋಡೆಯಿಂದ ಒಳಕ್ಕೆ ನಡೆಯಬೇಕೇ ಹೊರತು ಚಿಪ್ಪಿನಿಂದ ಹೊರಕ್ಕಲ್ಲ. ಮೊದಲು ಪ್ಲಗ್ಗಿನಲ್ಲಿ ಎಷ್ಟಿದೆ ನೋಡಬೇಕು. ಆಮೇಲೆ ಅಡಾಪ್ಟರ್. ಇಲ್ಲಿ ಮಲ್ಟಿಮೀಟರ್ ಕೂಡ ಮೋಸ ಮಾಡುತ್ತದೆ. 9 ವೋಲ್ಟಿನ ಹಳೆಯ ಅಡಾಪ್ಟರ್ ಹೊರೆಯಿಲ್ಲದಾಗ 12-13 ತೋರಿಸುತ್ತದೆ. ಪೆಟ್ಟಿಗೆಗೆ ಜೋಡಿಸಿದೊಡನೆ 6ಕ್ಕೆ ಕುಸಿಯುವ ಅಡಾಪ್ಟರೂ ಬರಿಗೈಯಲ್ಲಿ ಪೈಲ್ವಾನನೇ. ಆದ್ದರಿಂದ ಪೆಟ್ಟಿಗೆ ನಡೆಯುತ್ತಿರುವಾಗಲೇ 7805ರ ಒಳಗಾಲಿನಲ್ಲಿ ಅಳೆಯಬೇಕು. ಅಲ್ಲಿ 7ಕ್ಕಿಂತ ಹೆಚ್ಚಿದ್ದು ಹೊರಗಾಲಿನಲ್ಲಿ 5 ಇಲ್ಲವಾದರೆ ರೆಗ್ಯುಲೇಟರನ್ನು ಸಂಶಯಿಸಬೇಕು. ಅದು ಈಗಲೂ ಕೆಲವೇ ರೂಪಾಯಿಗೆ ಸಿಗುವ ವಸ್ತು. ಒಳಗಾಲಿಗೇ ಏನೂ ಬರುತ್ತಿಲ್ಲವಾದರೆ ಪಿನ್ನು ಕೂರುವ ತೂತಿನ ಹಿಂದೆ ಬಿರುಕು ಬಿಟ್ಟ ಬೆಸುಗೆ, ಮಸಿ ಹಿಡಿದ ಸ್ವಿಚ್ಚು, ಅಡಾಪ್ಟರಿನ ಕತ್ತಿನಲ್ಲಿ ಒಳಗೇ ಕಡಿದ ವೈರು, ಈ ಮೂರನ್ನು ನೋಡಬೇಕು. 5 ವೋಲ್ಟು ಸರಿಯಿದ್ದೂ ಪಟ್ಟೆಗಳು ಹರಿದಾಡಿದರೆ ಒಣಗಿದ ಕಂಡೆನ್ಸರಿನ ಕಡೆ ತಿರುಗಬೇಕು. ಅಡಾಪ್ಟರನ್ನು ಬಿಚ್ಚುವ ಸಾಹಸ ಬೇಡ, ಅಲ್ಲಿರುವುದು 230 ವೋಲ್ಟು. ಹಳೆಯ ಟಿ.ವಿ.ಯ ಹಿಂಬದಿಯನ್ನಂತೂ ಮುಟ್ಟಲೇಬಾರದು. ಪ್ಲಗ್ ಕಿತ್ತ ಮೇಲೂ ಅದರ ಪಿಕ್ಚರ್ ಟ್ಯೂಬು ಪೆಟ್ಟು ಕೊಡಬಲ್ಲದು.

ಕ್ಯಾಸೆಟ್ಟನ್ನು ಬಾಯಿಯಿಂದ ಊದುವ ಪ್ರಸಿದ್ಧ ಚಿಕಿತ್ಸೆಗೂ ಕರೆಂಟಿಗೂ ಸಂಬಂಧವಿಲ್ಲ. ಉಸಿರಿನ ತೇವ ಹಿತ್ತಾಳೆ ಬಣ್ಣದ ಆ ಹಲ್ಲುಗಳಿಗೆ ಒಳ್ಳೆಯದಲ್ಲ ಎಂದು ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತು. ಅಮೆರಿಕದ ಮಾದರಿಯಲ್ಲಿ ಹಲ್ಲು ಸರಿಯಾಗಿ ತಾಗದಿದ್ದರೆ ಒಳಗಿನ ಕಾವಲು ಚಿಪ್ಪು ಯಂತ್ರವನ್ನು ಸೆಕೆಂಡಿಗೊಮ್ಮೆ ಮರುಚಾಲೂ ಮಾಡಿ, ಕೆಂಪು ದೀಪ ಮಿಟುಕಿಸುತ್ತಿತ್ತು. ನಮ್ಮ ಪೆಟ್ಟಿಗೆಗಳಲ್ಲಿ ಆ ಚಿಪ್ಪೇ ಇರಲಿಲ್ಲ. ಇಲ್ಲಿ ದೀಪ ಮಿಟುಕಿತೆಂದರೆ ಮೊದಲು ಶಂಕಿಸಬೇಕಾದದ್ದು ಕರೆಂಟನ್ನೇ.

ಈ ನಡುವೆ ಊರಿನ ವಿದ್ಯುತ್ತೂ ಬದಲಾಯಿತು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. 2002ರಲ್ಲಿ ಹುಬ್ಬಳ್ಳಿಯ ಹೆಸ್ಕಾಂ ಹಂಚಿಕೆಯ ಹೊಣೆ ಹೊತ್ತಿತು. ಪಂಪ್‌ಸೆಟ್ಟುಗಳ ಲೈನನ್ನು ಮನೆಗಳ ಲೈನಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ, ಅದು ತಲುಪಿದ ಹಳ್ಳಿಗಳ ಮನೆಗಳು ಮೋಟಾರಿನ ಹೊಡೆತದಿಂದ ಪಾರಾದವು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಿಗೆ ಚಾಚಿಕೊಂಡ ಕಪ್ಪತಗುಡ್ಡದ ಮೇಲೆ 1990ರ ದಶಕದಿಂದಲೇ ಗಾಳಿಯಂತ್ರಗಳು ಏಳತೊಡಗಿದವು. ಗುಡ್ಡದ ಮೇಲೆ ಹುಟ್ಟಿದ ಕರೆಂಟು ನೇರವಾಗಿ ಕೆಳಗಿನ ಊರಿನ ಬಲ್ಬಿಗೆ ಇಳಿಯುವುದಿಲ್ಲ. ಅದು ದೊಡ್ಡ ಜಾಲಕ್ಕೆ ಹೋಗಿ, ಸುತ್ತು ಹೊಡೆದು, ಮತ್ತೆ ಅದೇ ಟಿ.ಸಿ.ಯ ಮೂಲಕವೇ ಬರಬೇಕು. ಗಾಳಿಯಂತ್ರದ ನೆರಳಿನಲ್ಲಿ ಕೂತವನಿಗೂ ವೋಲ್ಟೇಜು ಇಳಿಯುವುದು ಇದರಿಂದಲೇ.

ಅಡಾಪ್ಟರಿನ ಸಮಸ್ಯೆಯನ್ನು ಮಾತ್ರ ಬೇರೊಂದು ದಾರಿಯಿಂದ ಬಂದ ವಸ್ತು ಬಗೆಹರಿಸಿತು. ಮೊಬೈಲ್ ಚಾರ್ಜರಿನ ಜಾತಿಯ ಈಗಿನ ಹಗುರ ಅಡಾಪ್ಟರುಗಳ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟು ಎಂದು ಬರೆದಿರುತ್ತದೆ. ಲೈನು 160ಕ್ಕೆ ಕುಸಿದರೂ ಅವು 9 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ಏಕಮುಖ ವಿದ್ಯುತ್ತು ಬೇಡುವ ಹಳೆಯ ಪೆಟ್ಟಿಗೆಗೆ 9 ವೋಲ್ಟಿನ, ಸಾಕಷ್ಟು ಆಂಪಿಯರಿನ ಇಂಥದೊಂದನ್ನು ಕೊಟ್ಟರೆ ಎಷ್ಟೋ ಸಲ ಅದು ಏಳುತ್ತದೆ. ಚುಚ್ಚುವ ಮುನ್ನ ಪಿನ್ನಿನ ನಡುಭಾಗ ಧನವೋ ಋಣವೋ ನೋಡಿಕೊಳ್ಳಬೇಕು. ಈಗಿನ ಅಡಾಪ್ಟರುಗಳಲ್ಲಿ ಅದು ಬಹುಮಟ್ಟಿಗೆ ಧನ, ಜಪಾನಿನ ಮೂಲ ಪೆಟ್ಟಿಗೆಗೆ ಬೇಕಾದದ್ದು ಋಣ.